ಎರಡು ಸುತ್ತು ಕಮ್ಮಿ

ಸುಟ್ಟ ಮೋಟಾರು ಹೊತ್ತುಕೊಂಡು ಪಾಂಡವಪುರದ ಸರ್ದಾರ್ ಪಾಷಾನ ಅಂಗಡಿಗೆ ಹೋದವರನ್ನು ಅವನು ಮೊದಲು ಕೇಳುತ್ತಿದ್ದದ್ದು "ಯಾವೂರು?" ಅಂತ. ಏನಾಯಿತು, ಯಾವಾಗ ಸುಟ್ಟಿತು, ಇದೆಲ್ಲ ಆಮೇಲೆ. ಬಿಂಡಿಗನವಿಲೆ ಅಂದರೆ ಒಂದು ಲೆಕ್ಕ, ಅರಕೆರೆ ಅಂದರೆ ಇನ್ನೊಂದು. ಹೊಸಹೊಳಲು ಅಂದರೆ ತಲೆ ಕೆರೆದುಕೊಂಡು, "ದೇವಸ್ಥಾನದಿಂದ ಈ ಕಡೀಕಾ, ಆ ಕಡೀಕಾ?" ಅಂತ ಮತ್ತೊಂದು ಪ್ರಶ್ನೆ. ಊರಿನ ಹೆಸರು ಕೇಳಿಸಿಕೊಂಡ ಮೇಲೆಯೇ ಅವನ ಕೈ ತಾಮ್ರದ ತಂತಿಗೆ ಹೋಗುತ್ತಿತ್ತು.

ಇದರ ಗುಟ್ಟು ನನಗೆ ಚೆನ್ನಾಗಿ ಗೊತ್ತು. ನಾನು ಬೋರಯ್ಯ, ಲೈನ್‌ಮನ್ ಆಗಿ ಕಂಬ ಹತ್ತಿ ಹತ್ತಿ ಮಂಡಿ ಸವೆಸಿಕೊಂಡು ರಿಟೈರಾದವನು. ಮೋಟಾರಿನ ಮೇಲೆ ಕಂಪನಿಯವರು ಒಂದು ತಗಡು ಹೊಡೆದಿರುತ್ತಾರೆ, ಇಷ್ಟು ವೋಲ್ಟೇಜು ಅಂತ. ಅಷ್ಟು ಬಂದರೆ ಮಾತ್ರ ಒಳಗಿನ ಕಾಯಿಲಿಗೆ, ಅಂದರೆ ತಂತಿಯ ಸುರುಳಿಗೆ, ಕಂಪನಿಯವರ ಸುತ್ತಿನ ಲೆಕ್ಕ ಸರಿ. ಲೈನಿನ ಬಾಲದಲ್ಲಿರುವ ಊರುಗಳಿಗೆ ಅಷ್ಟು ಎಲ್ಲಿ ಬರಬೇಕು? ಬಡಕಲು ಕರೆಂಟಿಗೆ ಪೂರ್ತಿ ಸುತ್ತಿನ ಮೋಟಾರು ಗುಂಯ್ ಅಂತ ನರಳುತ್ತದೆಯೇ ಹೊರತು ತಿರುಗುವುದಿಲ್ಲ. ಅಲ್ಲೇ ಬಿಸಿಯಾಗಿ ಸುಟ್ಟುಹೋಗುತ್ತದೆ. ಅದಕ್ಕೇ ಪಾಷಾ ಪ್ರತಿ ಕಾಯಿಲಿಗೂ ಎರಡು ಸುತ್ತು ಕಮ್ಮಿ ಸುತ್ತಿ, ತಂತಿಯನ್ನು ಕೊಂಚ ದಪ್ಪ ಹಾಕುತ್ತಿದ್ದ. ಆಗ ಎಷ್ಟು ಬಂದರೆ ಅಷ್ಟರಲ್ಲೇ ಮೋಟಾರು ಎದ್ದು ನೀರೆತ್ತುತ್ತಿತ್ತು. ಪಾಷಾ ಕೈಯಿಟ್ಟ ಮೋಟಾರು ಕೈಕೊಡುವುದಿಲ್ಲ ಅಂತ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಹೆಸರಾಗಿತ್ತು.

ಆದರೆ ಅಂಥ ಮೋಟಾರು ಲೈನಿನಿಂದ ಎಳೆದುಕೊಳ್ಳುವುದೂ ಜಾಸ್ತಿ. ಒಬ್ಬ ಹೀಗೆ ಎಳೆದರೆ ಪಕ್ಕದವನಿಗೆ ಕಮ್ಮಿ. ಪಕ್ಕದವನ ಮೋಟಾರು ಸುಟ್ಟರೆ ಅವನೂ ಪಾಷಾನ ಹತ್ತಿರವೇ ಬರುತ್ತಾನೆ, ಅವನಿಗೂ ಎರಡು ಸುತ್ತು ಕಮ್ಮಿ. ಇದೇ ವಿಷಯಕ್ಕೆ ನಾನೂ ಅವನೂ ಜಗಳವಾಡದ ವಾರವಿಲ್ಲ.

"ಇಂಗೇ ಸುತ್ಕೊಂಡ್ ಓದ್ರೆ ಒಂದಿನ ನಮ್ ಲೈನ್ನಾಗೆ ಬಲ್ಪೂ ಉರಿಯಾಕಿಲ್ಲ ಕಣ್ಲಾ ಪಾಷಾ" ಅಂತ ನಾನು.

"ನೀವು ಬರ್ದಷ್ಟು ಕೊಟ್ಬುಡಿ ಬೋರಣ್ಣ, ನಾನು ಬರ್ದಷ್ಟೇ ಸುತ್ತೀನಿ" ಅಂತ ಅವನು. "ಬರ್ದಿರಾದು ಯಾವತ್ತಾರ ಬಂದದಾ? ನಂಬ್ಕೊಂಡು ಕೂತ್ರೆ ಕಬ್ಬು ಒಣಗೋಯ್ತದೆ."

ಇಷ್ಟು ಹೇಳಿ ಅವನು ಬೀಡಿ ಹಚ್ಚುತ್ತಿದ್ದ. ಸಣಕಲು ಆಳು, ಬನಿಯನ್ನು, ಚೌಕಳಿ ಲುಂಗಿ, ಕಿವಿಯ ಮೇಲೆ ಪೆನ್ಸಿಲು, ತುಟಿಯಲ್ಲಿ ಬೀಡಿ. ಮೋಟಾರಿಗೆ ಹಚ್ಚುವ ವಾರ್ನಿಷ್‌ನ ಘಾಟು, ಸುಟ್ಟ ತಾಮ್ರದ ಘಾಟು, ಬೀಡಿಯ ಘಾಟು ಮೂರೂ ಸೇರಿ ಆ ಅಂಗಡಿಯೊಳಗೆ ನೊಣ ಕೂಡ ಬರುತ್ತಿರಲಿಲ್ಲ. ನಾನು ಮಾತ್ರ ಹೋಗಿ ಕೂರುತ್ತಿದ್ದೆ. ಜಗಳವಾಡುವುದಕ್ಕೂ ಒಬ್ಬ ಬೇಕಲ್ಲ.

ಎರಡು ವರ್ಷದ ಹಿಂದೆ ಪಾಷಾನಿಗೆ ಉಸಿರು ಸಾಲದಾಯಿತು. ಮೊದಮೊದಲು ಮೋಟಾರು ಎತ್ತುವಾಗ ಏದುಸಿರು, ಆಮೇಲೆ ಮಾತಾಡುವಾಗಲೂ. ಅವನ ಹೆಂಡತಿ ತಾಜ್ ಬೀ ಹಟ ಹಿಡಿದು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು, ಜೊತೆಗೆ ನಾನೂ ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಸುತ್ತುಬಳಸದೆ ಹೇಳಿದರು. ಹಾಳಾಗಿರುವ ಶ್ವಾಸಕೋಶ ಮತ್ತೆ ಸರಿಯಾಗುವುದಿಲ್ಲ, ಉಳಿದಿರುವುದನ್ನು ಉಳಿಸಿಕೊಳ್ಳಬೇಕಾದರೆ ಬೀಡಿಯನ್ನು ಇವತ್ತೇ ಬಿಡಬೇಕು, ಇಲ್ಲದಿದ್ದರೆ ಮೂಗಿಗೆ ನಳಿಗೆ ಹಾಕಿಕೊಂಡು ಹಾಸಿಗೆಯಲ್ಲೇ ಇರಬೇಕಾಗುತ್ತದೆ.

ಪಾಷಾ ಆಸ್ಪತ್ರೆಯ ಗೇಟಿನಲ್ಲೇ ಬೀಡಿ ಕಟ್ಟು ಎಸೆದ. ಪಾಂಡವಪುರದಲ್ಲಿ ಬಸ್ಸಿಳಿದವನೇ ಇನ್ನೊಂದು ಕಟ್ಟು ಕೊಂಡ. ಆಮೇಲೆ ಬಿಡುವುದು, ಹಿಡಿಯುವುದು ಇದೇ ಆಯಿತು. ಅವನದು ನಾಟಕ ಅಂತ ಬೈದವರುಂಟು. ನಾಟಕವಲ್ಲ. ಬೀಡಿ ಬಿಟ್ಟ ದಿನ ಅವನ ಕೈ ನಡುಗಿ ತಂತಿ ಮೋಟಾರಿನ ಸೀಳಿನೊಳಗೆ ಕೂರುತ್ತಿರಲಿಲ್ಲ. ಸುತ್ತು ತಪ್ಪಿ, ಬಿಚ್ಚಿ, ಮತ್ತೆ ಸುತ್ತಿ, ಕೊನೆಗೆ ಅತ್ತುಬಿಡುತ್ತಿದ್ದ. ಅಷ್ಟು ವಯಸ್ಸಾದ ಗಂಡಸು ಒಂದು ಬೀಡಿಗೆ ಅಳುವುದನ್ನು ನೋಡಲಾರದೆ ನಾನು ಎದ್ದು ಬಂದುಬಿಡುತ್ತಿದ್ದೆ.

ಅಂಥದ್ದರಲ್ಲಿ ಅವನ ತಂಗಿಯ ಮಗ ಮುಬಾರಕ್ ಆ ಸಾಮಾನು ತಂದದ್ದು. ಮುಬಾರಕ್ ಶ್ರೀರಂಗಪಟ್ಟಣದಲ್ಲಿ ಟೂರಿಸ್ಟ್ ಕಾರು ಓಡಿಸುತ್ತಾನೆ. ಯಾವನೋ ಬಿಳಿಯ ಪ್ರವಾಸಿ ಊರಿಗೆ ಹೊರಡುವಾಗ, ಗೆಳೆತನಕ್ಕೆ ಅಂತ ತನ್ನ ಎಲೆಕ್ಟ್ರಿಕ್ ಸಿಗರೇಟನ್ನು ಇವನಿಗೆ ಕೊಟ್ಟು ಹೋಗಿದ್ದನಂತೆ. ಬೆರಳಿಗಿಂತ ದಪ್ಪದ ಒಂದು ಕೊಳವೆ, ಕೆಳಗೆ ಬ್ಯಾಟರಿ, ಮೇಲೆ ಒಂದು ಪುಟ್ಟ ಗಾಜಿನ ಬುರುಡೆ. ಬುರುಡೆಗೆ ನಿಕೋಟಿನ್ ಬೆರೆತ ಒಂದು ದ್ರವ ಹಾಕಿ, ಗುಂಡಿ ಒತ್ತಿ ಎಳೆದರೆ ಒಳಗಿನ ಕಾಯಿಲು ಕಾದು, ಹತ್ತಿ ಹೀರಿಕೊಂಡ ದ್ರವ ಆವಿಯಾಗಿ ಬಾಯಿಗೆ ಬರುತ್ತದೆ. ಬೆಂಕಿ ಇಲ್ಲ, ಬೂದಿ ಇಲ್ಲ. ನಮ್ಮ ದೇಶದಲ್ಲಿ ಇದನ್ನು ಮಾರುವಂತಿಲ್ಲ. ಡಾಕ್ಟರಮ್ಮನನ್ನು ಕೇಳಿದ್ದಕ್ಕೆ, ಇದೇನು ಔಷಧಿಯಲ್ಲ, ಇದನ್ನೂ ಬಿಡಿ ಅಂದರು. ಆದರೆ ಅವರು ಪಾಷಾ ಅಳುವುದನ್ನು ನೋಡಿರಲಿಲ್ಲ.

ಮುಬಾರಕ್ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು ಮಾಮನಿಗೆ ಪಾಠ ಹೇಳಿದ. "ನೋಡಿ ಮಾಮು, ಒಳಗಿರೋ ಕಾಯಿಲ್ ಮೇಲೆ ಒಂದು ನಂಬರ್ ಬರ್ದವ್ರೆ, ಅದು ಓಮು, ಕರೆಂಟ್ನ ಎಷ್ಟು ತಡೀತದೆ ಅಂತ. ಕೆಳ್ಗಡೆ ಈ ಚಕ್ರ ತಿರುವ್ದ್ರೆ ಓಲ್ಟೇಜು. ಈ ಕಾಯಿಲ್ಗೆ ನಾಕಕ್ಕೆ ಇಡ್ಬೇಕಂತೆ. ಓಮು ಕಮ್ಮಿ ಇರೋ ಕಾಯಿಲ್ ಆಕ್ದ್ರೆ ಚಕ್ರನೂ ಕಮ್ಮಿ ಮಾಡ್ಬೇಕು. ಜಾಸ್ತಿ ಆದ್ರೆ ಹತ್ತಿ ಸುಟ್ಟೋಗಿ ಗಂಟ್ಲು ಹಿಡ್ಕೊಳ್ತದೆ. ಕಮ್ಮಿ ಆದ್ರೆ ಬರೀ ಗಾಳಿ. ಹೊಸ್ದಾಗಿ ಎಳೆಯೋರು ಇದ್ರಲ್ಲೇ ತಪ್ಪು ಮಾಡೋದು ಅಂತ ಆ ಸಾಹೇಬ ಎಲ್ಡೆಲ್ಡು ಸಲ ಏಳ್ದ."

ಪಾಷಾ ಬೊಚ್ಚುಬಾಯಿ ಬಿಟ್ಟು ನಕ್ಕ. "ಅರೆ, ನಂಗೇ ಕಾಯಿಲ್ ಪಾಠ ಏಳ್ತೀಯೇನೋ ಬೇಟಾ?"

ಅವತ್ತಿನಿಂದ ಅವನು ಬೀಡಿ ಮುಟ್ಟಲಿಲ್ಲ. ಸುಳ್ಳಲ್ಲ, ಒಂದು ಇಡೀ ಬೇಸಗೆ ಮುಟ್ಟಲಿಲ್ಲ. ಕೆಮ್ಮು ಕಮ್ಮಿಯಾಯಿತು. ಬೆಳಗ್ಗೆ ನಾಲೆ ಏರಿಯ ಮೇಲೆ ನನ್ನ ಜೊತೆ ನಡೆಯತೊಡಗಿದ, ನಾಲ್ಕು ಹೆಜ್ಜೆಗೊಮ್ಮೆ ನಿಂತರೂ ನಡೆದ. ತಾಜ್ ಬೀ ಸಂತೋಷಕ್ಕೆ ಬೀದಿಗೆಲ್ಲ ರಂಜಾನಿಗೆ ಮಾಡುವ ಶೀರ್‌ಖುರ್ಮಾ ಹಂಚಿದಳು, ಹಬ್ಬವೇನೂ ಇರಲಿಲ್ಲ. ನಮ್ಮ ಮನೆಗೂ ಒಂದು ಡಬ್ಬಿ ಬಂತು. ನನ್ನ ಹೆಂಡತಿ ಜಯಲಕ್ಷ್ಮಮ್ಮ, "ಪಾಪ, ಆ ತಾಯಿ ಮೊಕ ನೋಡಿ ಎಷ್ಟು ಕಳೆ ಬಂದದೆ" ಅಂದಳು. ನನಗೂ ಆಸೆ ಹುಟ್ಟಿತು. ಇನ್ನೊಂದು ಹತ್ತು ವರ್ಷ ಈ ಸಾಬಿಯ ಜೊತೆ ಜಗಳವಾಡಬಹುದು ಅಂದುಕೊಂಡೆ.

ಕಾಯಿಲು ಸವೆಯುವ ಸಾಮಾನು. ಆ ಪ್ರವಾಸಿ ಜೊತೆಗೆ ಕೊಟ್ಟಿದ್ದ ಹೊಸ ಕಾಯಿಲುಗಳೂ ಒಂದೊಂದಾಗಿ ಕಪ್ಪಾದವು. ದ್ರವ ಇನ್ನೂ ಅರ್ಧ ಬಾಟಲಿ ಇತ್ತು. ಮುಬಾರಕ್ ಮೈಸೂರೆಲ್ಲ ಸುತ್ತಿ ಬರಿಗೈಯಲ್ಲಿ ಬಂದ, ಕೇಳಿದ ಕಡೆಯೆಲ್ಲ ಪೊಲೀಸಿನ ಹೆಸರು ಹೇಳಿ ಓಡಿಸಿದ್ದರಂತೆ. ಕಾಯಿಲು ಇಲ್ಲದ ದಿನ ಪಾಷಾ ಮಧ್ಯಾಹ್ನದವರೆಗೆ ತಡೆದುಕೊಂಡು ಕೂತಿದ್ದ. ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ ಕಟ್ಟುಗಳು ನೇತಾಡುತ್ತಿದ್ದವು. ಅವನು ಅತ್ತ ನೋಡದಂತೆ ಗೋಡೆಗೆ ಮುಖ ಮಾಡಿ ಕೂತಿದ್ದ.

ಆಮೇಲೆ ಒಮ್ಮೆಲೇ ತಿರುಗಿ, "ಬೋರಣ್ಣ, ಇಡೀ ತಾಲೂಕಿಗೆ ಕಾಯಿಲ್ ಸುತ್ತಿವ್ನಿ. ಈ ಬೆರ್ಳುದ್ದದ್ದು ನಾನೇ ಸುತ್ಕೊಳಾಕಾಗಲ್ವಾ?" ಅಂದ.

ಅಂದವನೇ ಶುರುಮಾಡಿಯೇಬಿಟ್ಟ. ಬೆಸುಗೆ ಹಾಕುವ ಹಳೆಯ ಸೋಲ್ಡರಿಂಗ್ ಐರನ್ ಒಂದನ್ನು ಒಡೆದು ಅದರೊಳಗಿನ ಕೂದಲಿನಂಥ ತಂತಿ ತೆಗೆದ. ಅದು ತಾಮ್ರವಲ್ಲ, ಕಾಯುವ ತಂತಿ. ಹತ್ತಿಗೆ ಏನು ಮಾಡುವುದು ಅಂದಾಗ ನನ್ನ ಹೆಂಡತಿ ದೀಪದ ಬತ್ತಿಗೆ ಅಂತ ಬಿಡಿಸಿಟ್ಟಿದ್ದ ಹತ್ತಿಯನ್ನೇ ಕೊಟ್ಟಳು. "ದೇವ್ರಿಗೆ ಅಂತ ಇಟ್ಟಿದ್ದು, ಶುದ್ಧವಾಗೇ ಅದೆ, ತಕೊಂಡೋಗಿ" ಅಂದಳು. ಪಾಷಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕನ್ನಡಕ ಮೂಗಿನ ತುದಿಗಿಳಿಸಿ, ಸೂಜಿಯ ಮೇಲೆ ಆ ತಂತಿಯನ್ನು ಸುತ್ತತೊಡಗಿದಾಗ ಅವನ ಕೈ ನಡುಗಲಿಲ್ಲ. ಹಳೆಯ ಕಾಯಿಲನ್ನು ಪಕ್ಕದಲ್ಲಿಟ್ಟುಕೊಂಡು ಅದರ ಸುತ್ತು ಎಣಿಸಿದ. ಎಣಿಸಿ, ತನ್ನದಕ್ಕೆ ಎರಡು ಸುತ್ತು ಕಮ್ಮಿ ಸುತ್ತಿದ.

"ಯಾಕ್ಲಾ ಕಮ್ಮಿ?" ಅಂದೆ.

"ಚಕ್ರದ ಮೇಲೆ ನಾಕು ಅಂತ ಬರ್ದವ್ರೆ. ನಾಕು ಎಲ್ಲಿ ಬತ್ತದೆ ಬೋರಣ್ಣ? ಮೂರು ಬಂದ್ರೆ ನಮ್ ಪುಣ್ಯ. ಮೂರಕ್ಕೆ ಸರ್ಯಾಗಿ ಸುತ್ತೀವ್ನಿ."

ನನಗೂ ಸರಿ ಅನ್ನಿಸಿತು. ಜೀವಮಾನವೆಲ್ಲ ಕಂಬದ ಮೇಲೆ ಕೂತು ಬರೆದಿದ್ದಕ್ಕಿಂತ ಕಮ್ಮಿ ಕರೆಂಟು ಕೊಟ್ಟವನು ನಾನು, ತಗೊಂಡವನು ಅವನು. ಮೀಟರು ಎದುರಿಗೇ ಗೂಟಕ್ಕೆ ನೇತುಹಾಕಿತ್ತು. ಒಂದು ಸಲ ಮುಟ್ಟಿಸಿ ನೋಡೋಣ ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಪಾಷಾ ಬಿಸ್ಮಿಲ್ಲಾ ಅಂದು ಗುಂಡಿ ಒತ್ತಿ, ಬೀಡಿಯನ್ನು ಎಳೆಯುವ ಹಾಗೆ ಎದೆತುಂಬ ಎಳೆದ. ಚಿರ್ ಅಂತ ಸದ್ದಾಯಿತು. ಅವನ ಕಣ್ಣುಗಳು ಮೇಲೆ ಹೋದವು. ಬಾಯಿಂದ ಕಮಟು ಹೊಗೆ ಬಂತು, ಸುಟ್ಟ ಹತ್ತಿಯ ಹೊಗೆ. ಕೆಮ್ಮು ಹತ್ತಿಕೊಂಡದ್ದು ನಿಲ್ಲಲೇ ಇಲ್ಲ. ನೆಲಕ್ಕೆ ಬಿದ್ದು, ತುಟಿ ನೀಲಿಯಾಗಿ, ನನ್ನ ಅಂಗಿ ಹಿಡಿದುಕೊಂಡು ಒದ್ದಾಡಿದ. ಮುಬಾರಕ್‌ಗೆ ಫೋನು ಮಾಡಿ, ತಾಜ್ ಬೀಯನ್ನೂ ಹತ್ತಿಸಿಕೊಂಡು, ಅವನ ಕಾರಿನಲ್ಲೇ ಮೈಸೂರಿಗೆ ಹೊತ್ತುಕೊಂಡು ಹೋದೆವು.

ಮೂರನೇ ದಿನಕ್ಕೆ ಮಾತಾಡುವಷ್ಟಾದ. ನಾನು ನೋಡಲು ಹೋದರೆ, ಬದುಕಿದೆ ಅನ್ನಲಿಲ್ಲ, ಹೇಗಿದ್ದೀಯ ಅನ್ನಲಿಲ್ಲ. ಮಾಸ್ಕು ಸರಿಸಿ ಅಂದದ್ದು ಒಂದೇ ಮಾತು. "ಬೋರಣ್ಣ, ಅಂಗ್ಡೀಗೆ ಓಗಿ ಆ ಚಕ್ರನ ನಾಕಕ್ಕೆ ಇಟ್ಟು, ಗುಂಡಿ ಒತ್ಕೊಂಡೇ ಮೀಟ್ರು ಇಡ್ದು ನೋಡು. ಎಷ್ಟು ಬತ್ತದೋ ನಂಗೇಳು."

ವಾಪಸು ಬಂದು ನೋಡಿದೆ. ಮೀಟರು ನಾಲ್ಕು ತೋರಿಸಿತು. ಚಕ್ರ ತಿರುಗಿಸಿ ಮೂರೂವರೆಗೆ ಇಟ್ಟೆ, ಮೂರೂವರೆಯೇ ತೋರಿಸಿತು. ಎಷ್ಟು ಬರೆದಿತ್ತೋ ಅಷ್ಟು, ಮೂರಕ್ಕೆ ಸುತ್ತಿದ ಕಾಯಿಲಿಗೆ ನಾಲ್ಕು ನುಗ್ಗಿತ್ತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಆ ಸುಡುಗಾಡು ಕೊಳವೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಡೀ ಜಿಲ್ಲೆಯಲ್ಲಿ ಯಾವ ತಗಡೂ ಕೊಟ್ಟ ಮಾತಿಗೆ ನಡೆದುಕೊಂಡಿರಲಿಲ್ಲ, ಇದೊಂದು ನಡೆದುಕೊಂಡು ನನ್ನ ಗೆಳೆಯನ ಎದೆ ಸುಟ್ಟಿತ್ತು.

ಮಾರನೆಯ ದಿನ ಹೋಗಿ ಹೇಳಿದೆ. ಪಾಷಾ ಕೇಳಿ, ಮಾಸ್ಕಿನೊಳಗೇ ನಕ್ಕ. "ಬರ್ದಷ್ಟೇ ಕೊಡೋ ಕರೆಂಟು ನನ್ ಜಲ್ಮದಾಗೆ ನೋಡಿರ್ಲಿಲ್ಲ ಬೋರಣ್ಣ. ನಂದೇ ತಪ್ಪು. ಯಾವೂರದ್ದು ಅಂತ ಕೇಳ್ನೇ ಇಲ್ಲ ನಾನು." ಉಸಿರು ಎಳೆದುಕೊಂಡು ಮತ್ತೆ ಅಂದ, "ಎಲ್ಡು ಸುತ್ತು ಸೇರ್ಸುದ್ರೆ ಆಯ್ತು. ಎಲ್ಡೇ ಸುತ್ತು. ಆಮೇಲೆ ಬೀಡಿ ಸಾವಾಸ ಇಲ್ಲ ಬುಡು."

ಅವನ ಮುಖದಲ್ಲಿ ಅವತ್ತು ಕಂಡಷ್ಟು ನಂಬಿಕೆಯನ್ನು ನಾನು ಆಮೇಲೆ ಕಾಣಲಿಲ್ಲ. ಮನೆಗೆ ಕರೆತಂದ ದಿನ ಹಾಸಿಗೆಯ ಮೇಲೆ ಕೂತವನೇ ಕೊಳವೆ ಕೊಡು ಅಂದ. ನಾನು ಅಂಗಡಿಗೆ ಹೋಗಿ ಹುಡುಕಿ ಬಂದೆ, ಇರಲಿಲ್ಲ. ತಾಜ್ ಬೀ ಬಾಗಿಲ ಮರೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

"ನಾಲೇಗ್ ಎಸ್ದ್‌ಬುಟ್ಟೆ ಅಣ್ಣಾ" ಅಂದಳು. "ಅದು ಶೈತಾನ್ ಸಾಮಾನು. ಅವ್ರ ಜೀವ ತಗೊಳಾಕೆ ಬಂದಿತ್ತು. ದ್ರವದ ಬಾಟ್ಲೂ ಎಸ್ದೆ."

ಅವಳನ್ನು ಏನೆಂದು ಬೈಯುವುದು? ಗಂಡನ ತುಟಿ ನೀಲಿಯಾದದ್ದನ್ನು ನೋಡಿದವಳು ಅವಳು. ಎರಡು ಸುತ್ತಿನ ಲೆಕ್ಕ ಅವಳಿಗೆ ಯಾರು ಹೇಳಿದ್ದರು? ನಾನೂ ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಪಾಷಾ ಅವಳನ್ನು ನೋಡಿ, "ಒಳ್ಳೇದೇ ಮಾಡ್ದೆ ಬುಡು" ಅಂದ. ಅಂದು ಗೋಡೆಯ ಕಡೆ ತಿರುಗಿ ಮಲಗಿದ.

ವಾರದೊಳಗೆ ಬೀಡಿ ಬಂತು. ಯಾರು ತಂದುಕೊಟ್ಟರು ಅಂತ ಕೇಳಿದರೆ ಅವನೂ ಹೇಳಲಿಲ್ಲ, ನಾನೂ ಪಟ್ಟು ಹಿಡಿಯಲಿಲ್ಲ. ಈ ಸಲ ಅವನು ಅಳಲಿಲ್ಲ, ಬಿಡುತ್ತೇನೆ ಅಂತಲೂ ಅನ್ನಲಿಲ್ಲ. ಅಂಗಡಿಯ ಬಾಗಿಲು ಎಳೆದದ್ದು ಎಳೆದ ಹಾಗೇ ಉಳಿಯಿತು. ದೂರದ ಊರುಗಳಿಂದ ಮೋಟಾರು ತಂದವರು ಬಾಗಿಲು ನೋಡಿ, ಗೊಣಗಿಕೊಂಡು ಬೇರೆ ಅಂಗಡಿಗೆ ಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರಮ್ಮ ಹೇಳಿದ್ದ ನಳಿಗೆ ಮೂಗಿಗೆ ಬಂತು. ಗಾಳಿಯಿಂದಲೇ ಆಕ್ಸಿಜನ್ ತೆಗೆಯುವ ಒಂದು ಮೆಷಿನ್ನು, ನೆಲದ ಮೇಲೆ ಹಂದಿಮರಿಯ ಹಾಗೆ ಗುರುಗುಟ್ಟುತ್ತಾ ಕೂರುವಂಥದ್ದು. ಅದರ ಹತ್ತಿರ ಬೆಂಕಿ ಕೂಡದು ಅಂದಮೇಲೆ ಬೀಡಿ ತಾನೇ ತಾನಾಗಿ ನಿಂತಿತು. ಯಾವುದಕ್ಕಾಗಿ ಅಷ್ಟು ಒದ್ದಾಡಿದನೋ ಅದು ಕೊನೆಗೂ ಆಯಿತು, ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ.

ಆ ಮೆಷಿನ್ನಿಗೆ ಕರೆಂಟು ಬೇಕು. ಅದೂ ಬರೆದಷ್ಟು ಬೇಕು. ಕಮ್ಮಿಯಾದರೆ ಕುಂಯ್ ಕುಂಯ್ ಅಂತ ಕೂಗಿಕೊಳ್ಳುತ್ತದೆ, ಇನ್ನೂ ಕಮ್ಮಿಯಾದರೆ ನಿಲ್ಲುತ್ತದೆ. ಜೊತೆಗೊಂದು ಸ್ಟೆಬಿಲೈಸರ್ ಇಟ್ಟಿದ್ದರು. ಹೊತ್ತಿಲ್ಲದ ಹೊತ್ತಿಗೆ ಕೈಕೊಟ್ಟರೆ ಇರಲಿ ಅಂತ ಒಂದು ಆಕ್ಸಿಜನ್ ಸಿಲಿಂಡರೂ ಇತ್ತು.

ಹೋದ ಬೇಸಗೆಯಲ್ಲಿ ನಾಲೆಗೆ ನೀರು ನಿಂತಿತು. ಕಬ್ಬು, ತೆಂಗು ಉಳಿಸಿಕೊಳ್ಳಲು ಎಲ್ಲರೂ ಬೋರ್‌ವೆಲ್ಲಿಗೆ ಬಿದ್ದರು. ಊರಂಚಿನಲ್ಲಿರುವ ಪಾಷಾನ ಮನೆಗೂ ಆಚೆಯ ತೋಟಗಳ ಪಂಪುಗಳಿಗೂ ಟ್ರಾನ್ಸ್‌ಫಾರ್ಮರು ಒಂದೇ. ಒಂದು ಮಧ್ಯಾಹ್ನ ತಾಜ್ ಬೀ ಫೋನು ಮಾಡಿದಳು, ಮೆಷಿನ್ನು ಕೂಗಿಕೊಳ್ಳುತ್ತಿದೆ ಅಂತ. ನಾನು ನನ್ನ ಮಂಡಿ ಎಳೆದುಕೊಂಡು ಓಡಿದೆ. ಸಿಲಿಂಡರು ಬರಿದಾಗಿತ್ತು, ಅದನ್ನು ತುಂಬಿಸಲು ಮುಬಾರಕ್ ಮಂಡ್ಯಕ್ಕೆ ಹೋಗಿದ್ದ. ಸ್ಟೆಬಿಲೈಸರ್ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿತ್ತು. ನಡುಮನೆಯ ಬಲ್ಬು ಕುಂಕುಮದ ಬಣ್ಣಕ್ಕೆ ತಿರುಗಿತ್ತು.

ನನಗೆ ಗೊತ್ತಿದ್ದ ಲೈನ್‌ಮನ್‌ಗಳಿಗೆಲ್ಲ ಫೋನು ಮಾಡಿದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಓಡಿ ತೋಟದವರಿಗೆಲ್ಲ ಕೂಗಿದೆ, ಪಂಪು ನಿಲ್ಸಿ ಅಂತ. ಬಿಸಿಲಿನಲ್ಲಿ ಯಾರಿಗೆ ಕೇಳಿಸಬೇಕು? ಹತ್ತಿರದ ಎರಡು ಪಂಪ್‌ಹೌಸಿಗೆ ನಾನೇ ನುಗ್ಗಿ ಸ್ವಿಚ್ಚು ಆರಿಸಿದೆ. ಆರಿಸುವಾಗ ಮೋಟಾರುಗಳ ಬೆನ್ನು ನೋಡಿದೆ. ಎರಡರ ಮೇಲೂ ಕೆಂಪು ಬಣ್ಣದಲ್ಲಿ ಒಂದು ಚುಕ್ಕೆ. ತಾನು ಸುತ್ತಿದ ಮೋಟಾರಿಗೆ ಪಾಷಾ ಹಾಕುತ್ತಿದ್ದ ಗುರುತು. ಆಚೆ ಗುಂಯ್‌ಗುಡುತ್ತಿದ್ದ ಇನ್ನೂ ಎಷ್ಟೋ ಪಂಪುಗಳ ಬೆನ್ನ ಮೇಲೂ ಅದೇ ಚುಕ್ಕೆ ಇರುತ್ತದೆ ಅಂತ ನನಗೆ ಗೊತ್ತಿತ್ತು. ಅವನ ಕೈಯಲ್ಲಿ ಸುತ್ತಿಸಿಕೊಂಡ ಮೋಟಾರುಗಳೆಲ್ಲ ಒಟ್ಟಿಗೆ ಅವನ ಉಸಿರನ್ನು ಎಳೆದುಕೊಳ್ಳುತ್ತಿದ್ದವು. ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು, ಆದರೆ ಹೊತ್ತಿರಲಿಲ್ಲ.

ವಾಪಸು ಬಂದಾಗ ತಾಜ್ ಬೀ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಸಣಿಗೆಯಲ್ಲಿ ಬಿರುಸಾಗಿ ಗಾಳಿ ಹಾಕುತ್ತಿದ್ದಳು. ಮೆಷಿನ್ನು ಕೂಗಿ ಕೂಗಿ ಸೋತಿತ್ತು. ಪಾಷಾ ನನ್ನನ್ನು ನೋಡಿ ಅಂಗಡಿಯಿಂದ ತಂದು ಗೂಟಕ್ಕೆ ತಗುಲಿಹಾಕಿದ್ದ ಮೀಟರನ್ನು ಬೆರಳಿನಲ್ಲಿ ತೋರಿಸಿದ. ಪ್ಲಗ್ಗಿಗೆ ಮುಟ್ಟಿಸಿದೆ. ಮುಳ್ಳು ನೂರ ಮೂವತ್ತರ ಹತ್ತಿರ ಹೋಗಿ ನಿಂತುಬಿಟ್ಟಿತು.

"ಎಷ್ಟದೆ ಬೋರಣ್ಣ?"

"ಇನ್ನೂರ ಮೂವತ್ತು" ಅಂದೆ. ತಗಡಿನ ಮೇಲೆ ಬರೆದಿರುವ ಅಂಕಿ ಅದು. ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ.

ಅವನು ತಲೆಯ ಮೇಲಿನ ಕೆಂಪು ಬಲ್ಬನ್ನು ನೋಡಿದ. ನನ್ನ ಮುಖ ನೋಡಿದ. ಬರೆದದ್ದನ್ನು ಒಂದು ದಿನವೂ ನಂಬದೆ ಬದುಕಿದವನು ಅವನು, ನನಗೆ ತಲೆ ಎತ್ತಲಾಗಲಿಲ್ಲ. ಬೈಯುತ್ತಾನೆ ಅಂತ ಕಾದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪಾಷಾ ನಿಧಾನವಾಗಿ ಹೆಂಡತಿಯ ಕಡೆ ಕಣ್ಣು ಹೊರಳಿಸಿ, ಒಂದೊಂದೇ ಮಾತನ್ನು ಕಿತ್ತುಕೊಂಡು ಅಂದ.

"ಸರ್ಯಾಗ್ ಬತ್ತಾದಂತೆ ತಾಜ್... ಬೋರಣ್ಣ ನೋಡವ್ನೆ. ಎದ್ರಬ್ಯಾಡ."

ತಾಜ್ ಬೀ ನನ್ನ ಕಡೆ ನೋಡಿ, ಕಣ್ಣೊರೆಸಿಕೊಂಡು, ಮೊದಲಿಗಿಂತ ನಿಧಾನವಾಗಿ ಬೀಸತೊಡಗಿದಳು. ಪಾಷಾನ ಉಸಿರು ನಿಂತ ಮೇಲೂ, ಮುಬಾರಕ್ ಸಿಲಿಂಡರು ಹೊತ್ತುಕೊಂಡು ಬಾಗಿಲಿಗೆ ಬಂದಾಗಲೂ ಅವಳು ಬೀಸುತ್ತಲೇ ಇದ್ದಳು. ಬೀಸಣಿಗೆ ಇಳಿಸು ತಂಗಿ ಅಂತ ನಾನೇ ಹೇಳಬೇಕಾಯಿತು.